ಕವಳಿ, ನೆಲ್ಲಿ ಎಲೆಗಳೂ ಆಮ್ಲಜನಕವೂ

ಕಳೆದ ಕಾರ್ತಿಕ ಮಾಸದಲ್ಲಿ, ಕೂಡ್ಲಿಗಿಯ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಪ್ರಯೋಗಶಾಲೆಗೆ ಬಂದು, ಕಾಗದದಲ್ಲಿ ಕಟ್ಟಿದ್ದ ಎರಡು ಬಗೆಯ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟನು. ಒಂದು, ತುಳಸಿ ಲಗ್ನಕ್ಕೆಂದು ತಂದ ನೆಲ್ಲಿ ಕೊಂಬೆಯದು. ಇನ್ನೊಂದು, ಊರ ಹೊರಗಿನ ಗುಡ್ಡದ ಮುಳ್ಳುಪೊದೆಯಿಂದ ಕಿತ್ತ ಕವಳಿಯದು. ಯೂರೋಪಿನ ಕರಂಟ್ ಮತ್ತು ಗೂಸ್‌ಬೆರಿ ಗಿಡಗಳ ಎಲೆಗಳಲ್ಲಿ ‘ಆಂಟಿ ಆಕ್ಸಿಡೆಂಟ್’ ಗುಣ ಹೇರಳವಾಗಿದೆಯೆಂದು ಅವನು ಎಲ್ಲಿಯೋ ಓದಿದ್ದನು. ನೆಲ್ಲಿಗೆ ಇಂಗ್ಲಿಷಿನವರು ‘ಇಂಡಿಯನ್ ಗೂಸ್‌ಬೆರಿ’ ಎನ್ನುವರು. ಕವಳಿಗೆ ‘ಬೆಂಗಾಲ್ ಕರಂಟ್’ ಎನ್ನುವರು.

“ಎರಡೂ ನಮ್ಮ ಗುಡ್ಡದಾಗ ಅದಾವು ಸಾರ್. ಅಜ್ಜನಿಗೆ ಕಷಾಯ ಮಾಡಿ ಕೊಡಬೇಕು ಅಂತಿದ್ದೀವಿ. ಕೊಡಬಹುದಾ?” ಎಂದು ಕೇಳಿದನು. ಅವನ ಅಜ್ಜನಿಗೆ ಎಂಬತ್ತು ದಾಟಿತ್ತು. ಹೃದಯದ ಕಾಯಿಲೆಗೆ ದಿನವೂ ಮಾತ್ರೆ ನುಂಗುತ್ತಿದ್ದರು.

ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದರೂ ಹುಡುಗನ ಪ್ರಶ್ನೆಯಲ್ಲಿ ಹೆಸರಿನ ತೊಡಕೊಂದು, ಎಲೆಕ್ಟ್ರಾನಿನ ತೊಡಕೊಂದು ಬೆರೆತಿದ್ದುವು. ಆ ಎರಡನ್ನೂ ಬಿಡಿಸಿದ ಹೊರತು ಉತ್ತರ ಹೇಳುವಂತಿರಲಿಲ್ಲ. ಅಂದು ಅವನಿಗೆ ಹೇಳಿದುದನ್ನೇ ತುಸು ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ಮಾತು. ಯೂರೋಪಿನ ಕರಂಟ್ ಮತ್ತು ಗೂಸ್‌ಬೆರಿಗಳೆರಡೂ ‘ರೈಬೀಸ್’ ಎಂಬ ಒಂದೇ ಕುಲಕ್ಕೆ ಸೇರಿದ ಪೊದೆಗಳು. ಅವುಗಳಿಗೆ ತಂಪು ಹವೆ ಬೇಕು. ನಮ್ಮ ದೇಶದಲ್ಲಿ ಆ ಕುಲದ ಕೆಲವು ಕಾಡುಗಿಡಗಳು ಹಿಮಾಲಯದಲ್ಲಿ ಮಾತ್ರ ಕಾಣಸಿಗುವುವು. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ದಾಟುವ ಕೊಟ್ಟೂರು, ಹರಪನಹಳ್ಳಿಗಳ ನೆಲದಲ್ಲಿ ಅವು ಬದುಕಲಾರವು. ಕಪ್ಪು ಕರಂಟಿನ ಎಲೆಯನ್ನು ಯೂರೋಪಿನ ಜನ ಚಹದಂತೆ ಕಾಯಿಸಿ ಕುಡಿಯುವುದುಂಟು. ರಷ್ಯದ ಮನೆಗಳಲ್ಲಿ ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಡುವಾಗ ಆ ಎಲೆಯನ್ನೂ ಸೇರಿಸುವರು. ನಮ್ಮ ನೆಲ್ಲಿಯಾದರೋ ಮರ, ನೆಲನೆಲ್ಲಿಯ ಬಂಧು. ಕವಳಿಯನ್ನು ಕೌಳಿ ಎಂದೂ ಆಡುವರು. ಬೇರೆ ಕಡೆಯವರು ಕರಂಡೆ ಎನ್ನುವರು. ಅದು ಕಣಗಿಲೆಯ ವಂಶಕ್ಕೆ ಸೇರಿದ ಮುಳ್ಳುಪೊದೆ. ಎಲೆ ಕಿತ್ತೊಡನೆ ತೊಟ್ಟಿನಲ್ಲಿ ಬಿಳಿಯ ಹಾಲು ಒಸರುವುದು ಆ ವಂಶದ ಗುರುತು. ಬೇಕರಿಯ ಕೇಕಿನಲ್ಲಿ ಸಿಗುವ ‘ಕರಂಟ್’ ಇವಾವುವೂ ಅಲ್ಲ. ಅದು ಸಣ್ಣ ಕಪ್ಪು ದ್ರಾಕ್ಷಿಯನ್ನು ಒಣಗಿಸಿದ್ದು. ಗ್ರೀಸಿನ ಕಾರಿಂತ್ ಪಟ್ಟಣದ ಹೆಸರೇ ಹಾಗೆ ಸವೆದು ಕರಂಟ್ ಆಯಿತು. ಹುಳಿಯಾದ ಪುಟ್ಟ ಹಣ್ಣನ್ನು ಕಂಡಲ್ಲೆಲ್ಲ ತಮ್ಮ ಊರಿನ ಹಣ್ಣಿನ ಹೆಸರಿಟ್ಟುದು ಆಂಗ್ಲರ ಅಭ್ಯಾಸ. ಆ ಹೆಸರನ್ನು ನೆಚ್ಚಿ ಒಂದು ಗಿಡದ ಗುಣವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಹಾಗಾದರೆ ನಮ್ಮ ಎಲೆಗಳಲ್ಲಿ ಆ ಗುಣವಿಲ್ಲವೆ? ಇದೆ. ಹೆಸರಿನಿಂದ ಬಂದುದಲ್ಲ, ಎಲೆಯಾಗಿರುವುದರಿಂದಲೇ ಬಂದುದು. ಇದನ್ನು ತಿಳಿಯಬೇಕಾದರೆ ಉತ್ಕರ್ಷಣವೆಂದರೇನೆಂಬುದನ್ನು ನೋಡಬೇಕು.

ಕೂಡ್ಲಿಗಿಯಿಂದ ಸಂಡೂರಿನ ಕಡೆಗೆ ಹೋಗುವವರು ನೆಲವು ಕೆಂಪಾಗುತ್ತ ಹೋಗುವುದನ್ನು ಕಂಡಿರುವರು. ಆ ಕೆಂಪು ಕಬ್ಬಿಣದ ತುಕ್ಕಿನ ಬಣ್ಣ. ಕಬ್ಬಿಣದ ಪರಮಾಣು ತನ್ನ ಎಲೆಕ್ಟ್ರಾನುಗಳಲ್ಲಿ ಕೆಲವನ್ನು ಆಮ್ಲಜನಕಕ್ಕೆ ಬಿಟ್ಟುಕೊಟ್ಟಿದೆ, ಅಷ್ಟೆ. ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಕೊಡುವವನಿಲ್ಲದೆ ಪಡೆಯುವವನಿಲ್ಲವಾದುದರಿಂದ ಇವೆರಡೂ ಯಾವಾಗಲೂ ಜೊತೆಯಲ್ಲಿಯೇ ನಡೆಯುವುವು.

ವಾಯುವಿನ ಐದರಲ್ಲೊಂದು ಪಾಲು ಆಮ್ಲಜನಕ. ಎಲೆಕ್ಟ್ರಾನಿಗಾಗಿ ಇಷ್ಟು ಹಸಿದ ಅನಿಲದ ನಡುವೆ ನಾವೂ ನಮ್ಮ ಮನೆಯ ಬೆಣ್ಣೆಯೂ ಹೊತ್ತಿ ಉರಿಯದೆ ಇರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಒಂದು ಅಯಸ್ಕಾಂತದಿಂದ ದೊರೆಯುವುದು. 1891ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಡೀವರ್ ಎಂಬ ವಿಜ್ಞಾನಿಯು ದ್ರವರೂಪದ ಆಮ್ಲಜನಕವು ಪ್ರಬಲವಾದ ಅಯಸ್ಕಾಂತದ ಧ್ರುವಗಳಿಗೆ ಎಳೆಯಲ್ಪಡುವುದನ್ನು ತೋರಿಸಿದನು. ಸಾಮಾನ್ಯವಾಗಿ ಅಣುವಿನಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿರುವುವು. ಜೋಡಿಯಲ್ಲಿ ಒಂದರ ಕಾಂತಗುಣವನ್ನು ಇನ್ನೊಂದು ಅಳಿಸಿಬಿಡುವುದು. ಆಮ್ಲಜನಕದ ಅಣುವಿನಲ್ಲಿ ಮಾತ್ರ ಎರಡು ಎಲೆಕ್ಟ್ರಾನುಗಳು ಒಂಟಿಯಾಗಿ, ಒಂದೇ ದಿಕ್ಕಿಗೆ ಮುಖಮಾಡಿ ನಿಂತಿವೆ. ಆದುದರಿಂದ ಅದು ಬೇರೆ ಅಣುವಿನ ಒಂದು ಜೋಡಿಯನ್ನು ಇಡಿಯಾಗಿ ಸೆಳೆದುಕೊಳ್ಳಲಾರದು, ಒಂದೊಂದಾಗಿ ಪಡೆಯಬೇಕು. ಈ ತೊಡಕಿನಿಂದಲೇ ಅದು ತಣ್ಣಗಿರುವಾಗ ನಿಧಾನಿ.

ಆದರೆ ಒಮ್ಮೆ ಯಾವುದೋ ಕಾರಣದಿಂದ ಒಂದು ಅಣುವು ಒಂಟಿ ಎಲೆಕ್ಟ್ರಾನಿನ ತುಂಡಾಗಿ ಒಡೆದರೆ ಕಥೆ ಬದಲಾಗುವುದು. ಇಂತಹ ತುಂಡಿಗೆ ಮುಕ್ತ ರ‍್ಯಾಡಿಕಲ್ ಎಂದು ಹೆಸರು. ಶೇಂಗಾ ಎಣ್ಣೆಯ ಒಂದು ಅಣು ಬಿಸಿಲಿನಿಂದಲೋ, ಕಾವಿನಿಂದಲೋ, ಪಾತ್ರೆಯ ತಾಮ್ರದ ಸೋಂಕಿನಿಂದಲೋ ಹೀಗಾಯಿತೆನ್ನಿ. ಅದು ಆಮ್ಲಜನಕದೊಡನೆ ಕೂಡಲೆ ಕೂಡಿಕೊಂಡು, ನೆರೆಯ ಅಣುವಿನಿಂದ ಜಲಜನಕದ ಪರಮಾಣುವೊಂದನ್ನು ಕಿತ್ತುಕೊಳ್ಳುವುದು. ಕಳೆದುಕೊಂಡ ನೆರೆಯವನು ಈಗ ರ‍್ಯಾಡಿಕಲ್ಲಾಗಿ ತನ್ನ ನೆರೆಯವನ ಮೇಲೆ ಬೀಳುವನು. ಸಾಲಿನಲ್ಲಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ನೂಕಿದಂತೆ ಇದು ಸಾಗುವುದು. ಕೊನೆಗೆ ಒಡೆದ ಅಣುಗಳ ಚೂರುಗಳೇ ಮೂಗಿಗೆ ಬಡಿಯುವ ಕಮಟು ವಾಸನೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಎಣ್ಣೆ ತುಪ್ಪಗಳನ್ನು ಇಡಬಾರದೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಇದೂ ಒಂದು ಆಧಾರ.

ಈ ಸರಪಣಿಯನ್ನು ನಡುವೆ ತುಂಡರಿಸುವ ಪದಾರ್ಥವೇ ಉತ್ಕರ್ಷಣ ನಿರೋಧಕ. ಅದು ತನ್ನ ಜಲಜನಕವನ್ನೋ ಎಲೆಕ್ಟ್ರಾನನ್ನೋ ಧಾರಾಳವಾಗಿ ಕೊಟ್ಟುಬಿಡುವುದು. ಕೊಟ್ಟ ಮೇಲೆ ತಾನೂ ರ‍್ಯಾಡಿಕಲ್ಲಾದರೂ ಸೌಮ್ಯವಾಗಿ ಉಳಿದು ಮತ್ತೊಬ್ಬರ ಮೇಲೆ ಬೀಳದು. ಒಂಟಿ ಎಲೆಕ್ಟ್ರಾನು ಅದರ ಉಂಗುರಾಕಾರದ ಅಣುವಿನ ಉದ್ದಕ್ಕೂ ಹಂಚಿಹೋಗುವುದರಿಂದ ಅದಕ್ಕೆ ಈ ಸೌಮ್ಯತೆ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲವಾಗಿ ಬಳಸಿದ ಅಕ್ರೋಲೀನ್ ಎಂಬ ದ್ರವವು ಸೀಸೆಯಲ್ಲಿ ಕೆಡುತ್ತಿದ್ದುದನ್ನು ಪರಿಶೀಲಿಸುತ್ತ ಫ್ರಾನ್ಸಿನ ಮೂರೂ ಮತ್ತು ದ್ಯುಫ್ರೆಸ್ ಎಂಬ ರಸಾಯನಶಾಸ್ತ್ರಜ್ಞರು, ಹೈಡ್ರೊಕ್ವಿನೋನಿನಂತಹ ಫೀನಾಲುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಉತ್ಕರ್ಷಣವನ್ನು ತಡೆಯುವುದನ್ನು 1920ರ ದಶಕದಲ್ಲಿ ತೋರಿಸಿದರು. ಒಂದು ಅಣು ಒಂದು ಇಡೀ ಸರಪಣಿಯನ್ನೇ ಕಡಿಯುವುದರಿಂದ ಅಲ್ಪ ಪ್ರಮಾಣವೇ ಸಾಕು.

ನಮ್ಮ ಹೆಣ್ಣುಮಕ್ಕಳು ಇದೇ ಕೆಲಸವನ್ನು ಒಲೆಯ ಮುಂದೆ ಮಾಡುತ್ತ ಬಂದಿದ್ದಾರೆ. ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ, ಹಿಡಿ ನುಗ್ಗೆ ಸೊಪ್ಪನ್ನೋ, ಕರಿಬೇವನ್ನೋ ಹಾಕುವ ರೂಢಿಯನ್ನು ಹಡಗಲಿಯಲ್ಲಾಗಲಿ, ಹಗರಿಬೊಮ್ಮನಹಳ್ಳಿಯಲ್ಲಾಗಲಿ ಕೇಳದವರಿಲ್ಲ. ಪರಿಮಳಕ್ಕೆಂದು ಕೆಲವರು, ಕೆಡದಿರಲೆಂದು ಕೆಲವರು ಹೇಳುವರು. ಇಬ್ಬರೂ ನಿಜವನ್ನೇ ಹೇಳುವರು. ಈ ಎಲೆಗಳಲ್ಲಿ ಫೀನಾಲು ಜಾತಿಯ ಪದಾರ್ಥಗಳು, ಕ್ಯಾರೊಟೀನು, ‘ಇ’ ಜೀವಸತ್ವ ಮುಂತಾದುವುಗಳಿವೆ. ಅವುಗಳಲ್ಲಿ ಜಿಡ್ಡಿನಲ್ಲಿ ಕರಗುವಂತಹವು ಬಿಸಿ ತುಪ್ಪಕ್ಕೆ ಇಳಿದು ಅಲ್ಲಿ ಕಾವಲು ನಿಲ್ಲುವುವು. ‘ಸಿ’ ಜೀವಸತ್ವವು ನೀರಿನಲ್ಲಿ ಕರಗುವುದೇ ಹೊರತು ಜಿಡ್ಡಿನಲ್ಲಿ ಕರಗದು. ಆದುದರಿಂದ ತುಪ್ಪಕ್ಕೆ ಅದರ ಪ್ರಯೋಜನವಿಲ್ಲ.

ಎಲೆಗೆ ಅಲ್ಲಿ ಇನ್ನೊಂದು ಕೆಲಸವೂ ಉಂಟು. ಭೌತಶಾಸ್ತ್ರದವರಾಗಿ ಅದನ್ನು ಹೇಳದೆ ಇರಲಾರೆವು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರಿರುವುದು. ಆ ನೀರು ಇರುವವರೆಗೆ ಪಾತ್ರೆಯ ಉಷ್ಣತೆಯು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದು. ನೀರು ಆರಿದೊಡನೆ ಥಟ್ಟನೆ ಏರುವುದು. ಆಗ ಹಾಕಿದ ಎಲೆ ಚಟಪಟನೆ ಸಿಡಿದು ಗರಿಗರಿಯಾದರೆ ತುಪ್ಪ ಆಯಿತೆಂದು ಅರ್ಥ. ಅಂದರೆ ಎಲೆಯೇ ಉಷ್ಣತಾಮಾಪಕ. ಅದನ್ನು ಹದ ಎನ್ನುವರು. ನೀರು ಪೂರ್ತಿ ಆರಿದ ತುಪ್ಪ ಬಾಳಿಕೆ ಬರುವುದು. ಹೊತ್ತಿಸದ ತುಪ್ಪ ಇನ್ನೂ ಬಾಳುವುದು.

ಎಲೆಯಲ್ಲಿ ಈ ಕಾವಲುಗಾರರು ಏಕಿರಬೇಕು? ನಮ್ಮ ತುಪ್ಪವನ್ನು ಕಾಯಲೆಂದು ನುಗ್ಗೆ ಮರ ಸೊಪ್ಪು ಬಿಡುವುದಿಲ್ಲವಷ್ಟೆ. ಆಮ್ಲಜನಕವನ್ನು ತಯಾರಿಸುವ ಕಾರ್ಖಾನೆಯೇ ಎಲೆ. ಅಲ್ಲಿಯೇ ಅದರ ಅಪಾಯವೂ ಹೆಚ್ಚು. ಪತ್ರಹರಿತ್ತು ಹೀರುವ ಕೆಂಪು ಬೆಳಕಿನ ಒಂದೊಂದು ಕಣದಲ್ಲಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿರುವುದು. ನಿಧಾನಿಯಾದ ಆಮ್ಲಜನಕವನ್ನು ಕೆರಳಿಸಿ, ಅದರ ಒಂಟಿ ಎಲೆಕ್ಟ್ರಾನುಗಳ ಮುಖವನ್ನು ತಿರುಗಿಸಿ, ಕಂಡುದನ್ನೆಲ್ಲ ಸುಡುವಂತೆ ಮಾಡಲು ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ಸಾಕು. ಬೆಳಕಿನ ಶಕ್ತಿಯೆಲ್ಲ ಸಕ್ಕರೆಯ ತಯಾರಿಕೆಗೆ ಖರ್ಚಾದರೆ ಚಿಂತೆಯಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಜರಿಮಲೆಯ ಗುಡ್ಡದಲ್ಲಿ ನಿಂತ ಕವಳಿಯ ಪಾಡನ್ನು ಯೋಚಿಸಿ. ಬೇರಿಗೆ ನೀರಿಲ್ಲ. ಇರುವ ತೇವವನ್ನು ಉಳಿಸಿಕೊಳ್ಳಲು ಅದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದೆ. ಇಂಗಾಲದ ಡೈ ಆಕ್ಸೈಡ್ ಒಳಬರದೆ ಸಕ್ಕರೆಯ ಕೆಲಸ ಕುಂಠಿತವಾಗಿದೆ. ಬೆಳಕು ಮಾತ್ರ ಸುರಿಯುತ್ತಲೇ ಇದೆ. ಖರ್ಚಾಗದ ಆ ಶಕ್ತಿಯು ಆಮ್ಲಜನಕದ ಮೇಲೆ ಬಿದ್ದರೆ ಎಲೆ ತನ್ನ ಹಸಿರನ್ನು ತಾನೇ ಸುಟ್ಟುಕೊಳ್ಳುವುದು.

ಆದುದರಿಂದ ಎಲೆಯಲ್ಲಿ ಪದರಪದರವಾಗಿ ರಕ್ಷಣೆಯಿದೆ. ಕ್ಯಾರೊಟೀನುಗಳು ಹೆಚ್ಚುವರಿ ಶಕ್ತಿಯನ್ನು ತಾವೇ ಪಡೆದು ಬರಿಯ ಕಾವಾಗಿ ಹೊರಹಾಕುವುವು. ಪತ್ರಹರಿತ್ತಿನ ಕಣಗಳೊಳಗೆ ‘ಸಿ’ ಜೀವಸತ್ವವು ತುಂಬಿಕೊಂಡಿದ್ದು ತಪ್ಪಿಸಿಕೊಂಡ ರ‍್ಯಾಡಿಕಲ್ಲುಗಳನ್ನು ತಣಿಸುವುದು. ಹೊರಮೈಯ ಜೀವಕೋಶಗಳಲ್ಲಿರುವ ಫ್ಲೇವನಾಯ್ಡುಗಳು ಅತಿನೇರಳೆ ಕಿರಣಗಳನ್ನು ಸೋಸುವುವು. ಅಶ್ವತ್ಥದ ಚಿಗುರು ತಾಮ್ರವರ್ಣದ್ದಾಗಿರುವುದನ್ನು ನೋಡಿದ್ದೀರಲ್ಲವೆ? ಹಸಿರು ಪೂರ್ತಿ ಬಲಿಯುವ ಮುನ್ನ ಎಳೆಯ ಎಲೆಗೆ ಅದೊಂದು ಕೊಡೆಯಂತಿರುವುದೆಂದು ಸಸ್ಯಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ಯೂರೋಪಿನ ಕರಂಟ್ ಎಲೆಯಲ್ಲಿ ಕ್ವರ್ಸೆಟಿನ್, ಕೆಂಪ್‌ಫೆರಾಲ್ ಎಂಬ ಫ್ಲೇವನಾಯ್ಡುಗಳ ಸಂಯುಕ್ತಗಳಿವೆಯೆಂದು ಹೇಳುವರು. ನಮ್ಮ ನುಗ್ಗೆ ಸೊಪ್ಪಿನಲ್ಲಿಯೂ ಅವೇ ಇವೆ. ಹುಡುಗನು ಯೂರೋಪಿನವರೆಗೆ ಹೋಗಬೇಕಾಗಿರಲಿಲ್ಲ.

ನೆಲ್ಲಿಯ ವಿಶೇಷವೆಂದರೆ ಟ್ಯಾನಿನ್. ಅದರ ಕಾಯಿ, ತೊಗಟೆ, ಎಲೆ ಮೂರರಲ್ಲಿಯೂ ಈ ಒಗರು ಪದಾರ್ಥ ತುಂಬಿರುವುದು. ನೆಲ್ಲಿಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದಾಗ ಕಪ್ಪಾಗುವುದು ಟ್ಯಾನಿನ್ನೂ ಕಬ್ಬಿಣವೂ ಕೂಡಿದುದರಿಂದ. ಹಿಂದೆ ಬರೆಯುವ ಮಸಿಯನ್ನು ತಯಾರಿಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ಈ ಟ್ಯಾನಿನ್ ಬಲಿಷ್ಠವಾದ ಉತ್ಕರ್ಷಣ ನಿರೋಧಕ. ಅಂದಹಾಗೆ, ಹೆಚ್ಚಿಟ್ಟ ಬದನೆಕಾಯಿ ಕಂದಾಗುವುದೂ ಇಂತಹ ಫೀನಾಲುಗಳಿಂದಲೇ. ಕತ್ತರಿಸಿದೊಡನೆ ಅವು ಗಾಳಿಗೆ ಸಿಕ್ಕಿ, ಕಾಯಿಯಲ್ಲಿರುವ ಕಿಣ್ವವೊಂದರ ನೆರವಿನಿಂದ ತಾವೇ ಉತ್ಕರ್ಷಣಗೊಳ್ಳುವುವು. ಕಾಯುವವನೇ ಮೊದಲು ಪೆಟ್ಟು ತಿನ್ನುವನು.

ಇಷ್ಟನ್ನು ಹೇಳಿ, ಹುಡುಗನು ತಂದ ಎಲೆಗಳನ್ನು ಪರೀಕ್ಷಿಸಲು ತೊಡಗಿದೆವು. ಈ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಅನ್ನದ ಗಂಜಿಯನ್ನೂ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ನಿನ ನಾಲ್ಕಾರು ಹನಿಗಳನ್ನೂ ಹಾಕಿದರೆ ಕಡು ನೀಲಿಯಾಗುವುದು. ಅದಕ್ಕೆ ನೆಲ್ಲಿಕಾಯಿಯ ರಸವನ್ನು ಹನಿಹನಿಯಾಗಿ ಬಿಟ್ಟರೆ ನೀಲಿ ಮಾಯವಾಗುವುದು. ರಸವು ತನ್ನ ಎಲೆಕ್ಟ್ರಾನುಗಳನ್ನು ಅಯೋಡಿನ್ನಿಗೆ ಕೊಟ್ಟಿತು. ನೆಲ್ಲಿ ಎಲೆಯ ಕಷಾಯವೂ ಬಣ್ಣವನ್ನು ಕಳೆಯಿತು, ಆದರೆ ರಸಕ್ಕಿಂತ ನಿಧಾನವಾಗಿ. ಕವಳಿ ಎಲೆಯದೂ ಕಳೆಯಿತು, ಇನ್ನಷ್ಟು ಹನಿ ಬೇಕಾಯಿತು. ಪ್ರಯೋಗ ಮುಗಿದ ಮೇಲೆ ಲೋಟವನ್ನು ಚೆನ್ನಾಗಿ ತೊಳೆಯಬೇಕು. ಆ ನೀರನ್ನು ಕುಡಿಯಕೂಡದು.

ದೊಡ್ಡ ಪ್ರಯೋಗಶಾಲೆಗಳಲ್ಲಿಯೂ ಇದೇ ಜಾತಿಯ ಪರೀಕ್ಷೆ ನಡೆಯುವುದು. ಡಿ.ಪಿ.ಪಿ.ಎಚ್. ಎಂಬುದೊಂದು ಸ್ಥಿರವಾದ ರ‍್ಯಾಡಿಕಲ್. ಅದರ ದ್ರಾವಣ ಕಡು ನೇರಳೆ. ನಿರೋಧಕವು ಜಲಜನಕ ಕೊಟ್ಟರೆ ಹಳದಿಯಾಗುವುದು. 517 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹಾಯಿಸಿ, ನೇರಳೆ ಎಷ್ಟು ಇಳಿಯಿತೆಂದು ಅಳೆಯುವರು. 1958ರಲ್ಲಿ ಬ್ಲೋಯಿಸ್ ಎಂಬುವನು ಈ ವಿಧಾನವನ್ನು ಸೂಚಿಸಿದನು. ಇಂದು ಎಲೆಗಳ ಉತ್ಕರ್ಷಣ ನಿರೋಧಕ ಗುಣವನ್ನು ಕುರಿತ ಪ್ರಬಂಧಗಳಲ್ಲಿ ಬಹುಪಾಲು ಈ ಬಣ್ಣವನ್ನೇ ಆಧರಿಸಿವೆ.

ಬಣ್ಣ ಹೋದುದನ್ನು ಕಂಡು ಹುಡುಗನ ಮುಖ ಅರಳಿತು. “ಹಂಗಾದರೆ ಅಜ್ಜನಿಗೆ ಕೊಡಬಹುದು ಅಂದಂಗಾತು” ಎಂದನು. ಆಗ ನಾವು ಕಪಾಟಿನಿಂದ ಹೈಪೊ ಸೀಸೆಯನ್ನು ತೆಗೆದೆವು. ಫೋಟೋ ತೊಳೆಯಲು ಹಿಂದೆ ಬಳಸುತ್ತಿದ್ದ ಸೋಡಿಯಂ ಥಯೊಸಲ್ಫೇಟಿನ ಹರಳು ಅದು. ನೀರಿನಲ್ಲಿ ಕರಗಿಸಿ ಎರಡು ಹನಿ ಬಿಟ್ಟೊಡನೆ ನೀಲಿಯೆಲ್ಲ ಕ್ಷಣದಲ್ಲಿ ಬಿಳಿಚಿತು. “ಇದು ನಿನ್ನ ಎರಡು ಎಲೆಗಳನ್ನೂ ಸೋಲಿಸಿತು. ಇದನ್ನೂ ಅಜ್ಜನಿಗೆ ಕೊಡುವಿಯೇನಪ್ಪಾ?” ಎಂದು ಕೇಳಿದೆವು. ಅವನು ನಕ್ಕು ಸುಮ್ಮನಾದನು.

ಲೋಟದಲ್ಲಿನ ಪರೀಕ್ಷೆಯು ಹೇಳುವುದು ಇಷ್ಟೆ: ಈ ಪದಾರ್ಥ ಎಲೆಕ್ಟ್ರಾನನ್ನು ಕೊಡಬಲ್ಲುದು. ಯಾರು ಕೊಟ್ಟರೆಂದು ಸಹ ಅದು ಹೇಳದು. ನೆಲ್ಲಿಕಾಯಿಯ ‘ಸಿ’ ಜೀವಸತ್ವದ ವಿಷಯದಲ್ಲಿ ಇದಕ್ಕೊಂದು ಉದಾಹರಣೆಯಿದೆ. ಹಳೆಯ ಆಹಾರ ಕೋಷ್ಟಕಗಳಲ್ಲಿ 100 ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಅದು ಸುಮಾರು 250ಕ್ಕೆ ಇಳಿದಿದೆ. ಬಣ್ಣ ಕಳೆಯುವ ವಿಧಾನದಿಂದ ಅಳೆದಾಗ ಟ್ಯಾನಿನ್ನಿನಂತಹ ಬೇರೆ ದಾನಿಗಳೂ ಲೆಕ್ಕಕ್ಕೆ ಸೇರಿಬಿಡುವ ಸಂಭವವುಂಟು. ಇಳಿದ ಸಂಖ್ಯೆಯೂ ಕಿತ್ತಳೆಯದಕ್ಕಿಂತ ಎಷ್ಟೋ ಮೇಲು ಎಂಬುದನ್ನು ಮರೆಯಬಾರದು.

ದೇಹವು ಲೋಟವಲ್ಲ. ಕುಡಿದ ಕಷಾಯದ ಫೀನಾಲುಗಳಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತವನ್ನು ಸೇರುವುದು. ಸೇರಿದುದನ್ನು ಕರುಳೂ ಯಕೃತ್ತೂ ಮಾರ್ಪಡಿಸಿಬಿಡುವುವು. ದೇಹದೊಳಗೆ ರ‍್ಯಾಡಿಕಲ್ಲುಗಳನ್ನು ತಣಿಸುವ ಕಿಣ್ವಗಳು ಮೊದಲೇ ಇವೆ. ಅವುಗಳಲ್ಲಿ ಮುಖ್ಯವಾದ ಸೂಪರಾಕ್ಸೈಡ್ ಡಿಸ್ಮ್ಯುಟೇಸನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದರು. ಅಷ್ಟೇ ಅಲ್ಲ, ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ರ‍್ಯಾಡಿಕಲ್ಲುಗಳನ್ನು ಬೇಕೆಂದೇ ತಯಾರಿಸುವುವು. ಆದುದರಿಂದ ಎಲ್ಲವನ್ನೂ ತಣಿಸಿಬಿಡುವುದು ಒಳ್ಳೆಯದೆಂಬ ಲೆಕ್ಕ ಸರಿಯಲ್ಲ.

ಈ ಲೆಕ್ಕವನ್ನು ನಂಬಿ ನಡೆಸಿದ ಎರಡು ದೊಡ್ಡ ಪರೀಕ್ಷೆಗಳನ್ನು ಹುಡುಗನಿಗೆ ತಿಳಿಸಿದೆವು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಆರಿಸಿ, ಕೆಲವರಿಗೆ ದಿನವೂ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಮಾತ್ರೆಯನ್ನು ವರ್ಷಗಟ್ಟಲೆ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗುವುದೆಂದು ನಿರೀಕ್ಷೆ. 1994ರಲ್ಲಿ ಫಲಿತಾಂಶ ಹೊರಬಂದಾಗ, ಮಾತ್ರೆ ತಿಂದವರಲ್ಲಿ ಅದು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳನ್ನೂ ಆಸ್ಬೆಸ್ಟಾಸ್ ಕೆಲಸಗಾರರನ್ನೂ ಕೂಡಿಸಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಅಂತಹುದೇ ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅಲ್ಲಿ ಏರಿಕೆ ನೂರಕ್ಕೆ 28. ಅದೇ ಕ್ಯಾರೊಟೀನು ನುಗ್ಗೆ ಸೊಪ್ಪಿನಲ್ಲಿಯೂ ಇದೆ, ಆದರೆ ಪಲ್ಯದಲ್ಲಿ ಅದು ಒಂಟಿಯಾಗಿ ಬರುವುದಿಲ್ಲ. ಸೊಪ್ಪು ತಿಂದವರಿಗೆ ಕೇಡಾಯಿತೆಂದು ಈ ಪರೀಕ್ಷೆಗಳಿಂದ ಯಾರೂ ತಿಳಿಯಬೇಕಾದುದಿಲ್ಲ. ಕೊರತೆಯಿದ್ದವರಿಗೆ ಜೀವಸತ್ವ ಕೊಡುವುದೂ ಬೇರೆಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆ ದೊರೆಯದಾದಾಗ ಬ್ರಿಟನ್ನಿನಲ್ಲಿ ಮಕ್ಕಳಿಗೆ ಕಪ್ಪು ಕರಂಟಿನ ಷರಬತ್ತನ್ನು ಹಂಚಿದರು. ಅದು ಹಣ್ಣಿನ ‘ಸಿ’ ಜೀವಸತ್ವಕ್ಕಾಗಿ.

ಕೊನೆಗೆ ಅಜ್ಜನ ಕಷಾಯ. ಕವಳಿ ಎಲೆಯನ್ನು ಕೊಡಬೇಡವೆಂದು ಸ್ಪಷ್ಟವಾಗಿ ಹೇಳಿದೆವು. ಹಣ್ಣನ್ನು ನಮ್ಮ ಜನ ತಲೆತಲಾಂತರದಿಂದ ತಿಂದಿದ್ದಾರೆ, ಕಾಯಿಯನ್ನು ಉಪ್ಪಿನಕಾಯಿ ಹಾಕಿದ್ದಾರೆ. ಎಲೆಯನ್ನು ನಿತ್ಯ ಕುಡಿದ ರೂಢಿಯಿಲ್ಲ. ಕಣಗಿಲೆಯ ವಿಷವು ಹೃದಯದ ಬಡಿತವನ್ನೇ ಕೆಡಿಸುವಂತಹುದು. ಕವಳಿಯ ಬೇರಿನಿಂದಲೂ ಹೃದಯದ ಮೇಲೆ ಪರಿಣಾಮ ಮಾಡುವ ಗ್ಲೈಕೋಸೈಡುಗಳನ್ನು ಬೇರ್ಪಡಿಸಿದ್ದಾರೆ. ಅಜ್ಜ ನುಂಗುವುದು ಹೃದಯದ ಮಾತ್ರೆ. ಇಂತಹ ವಂಶದ ಎಲೆಯನ್ನು, ಬಣ್ಣ ಕಳೆಯಿತೆಂಬ ಒಂದೇ ಕಾರಣಕ್ಕೆ ಕುದಿಸಿ ಅವರ ಕೈಗೆ ಕೊಡುವುದು ಹೇಗೆ? ನೆಲ್ಲಿ ಎಲೆಯಲ್ಲಿ ಅಂತಹ ಭಯ ಕಾಣದಾದರೂ ಅದಕ್ಕಿಂತ ಕಾಯಿಯೇ ಮೇಲು. ಅದನ್ನೂ ಔಷಧವೆಂದು ಬಟ್ಟಲುಗಟ್ಟಲೆ ಕುಡಿಸದೆ ಚಟ್ನಿಯಲ್ಲಿ ಒಂದೆರಡು ಹಾಕಿದರಾಯಿತು. ಮಾತ್ರೆಯನ್ನು ಬರೆದುಕೊಟ್ಟ ವೈದ್ಯರನ್ನು ಒಮ್ಮೆ ಕೇಳಿ ಕೊಡು ಎಂದೆವು.

ಹುಡುಗನು ನೆಲ್ಲಿ ಎಲೆಗಳನ್ನು ಮತ್ತೆ ಕಾಗದದಲ್ಲಿ ಕಟ್ಟಿಕೊಂಡನು. ಮನೆಯಲ್ಲಿ ತಂಗಿಗೆ ಅಯೋಡಿನ್ನಿನ ಆಟವನ್ನು ತೋರಿಸಬೇಕಂತೆ. ಕವಳಿ ಎಲೆಗಳನ್ನು ಕಿಟಕಿಯಾಚೆ ಬಿಸುಟನು. ಬೇಸಗೆ ಕಳೆಯುವ ವೇಳೆಗೆ ಗುಡೇಕೋಟೆಯ ಕರಡಿಗಳು ತಿಂದು ಉಳಿಸಿದರೆ ನಮಗೊಂದು ಬುಟ್ಟಿ ಕವಳಿ ಹಣ್ಣು ತರುವೆನೆಂದು ಹೇಳಿ ಹೋಗಿದ್ದಾನೆ. ಹಣ್ಣಿಗೆ ನಮ್ಮ ಆಕ್ಷೇಪವೇನೂ ಇಲ್ಲ.